ಮನೆಯಲ್ಲೇ ಕೂತು ಓದಿ ಅಂತೀರಿ, ಮನೆಯಲ್ಲಿ ಕೂರೋಕೆ ಜಾಗ ಎಲ್ಲಿದೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟದ ಒಂದು ಜಾಹೀರಾತು ಬಂದಿತ್ತು. ಒಬ್ಬ ಹೆಣ್ಣುಮಗಳು ಸೋಫಾ ಮೇಲೆ ಕಾಲು ಮಡಚಿಕೊಂಡು ಕೂತಿದ್ದಾಳೆ, ತೊಡೆ ಮೇಲೆ ಲ್ಯಾಪ್‌ಟಾಪ್, ಕೈಯಲ್ಲಿ ಕಾಫಿ ಕಪ್ಪು, ಪಕ್ಕದ ಕಿಟಕಿಯಿಂದ ಬೆಳಕು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಮನೆಯಲ್ಲೇ ಕೂತು ಸ್ನಾತಕೋತ್ತರ ಪದವಿ ಪಡೆಯಿರಿ' ಅಂತ. ಆ ಪುಟವನ್ನು ತುಂಬಾ ಹೊತ್ತು ನೋಡಿದೆ. ಯಾಕೆಂದರೆ ನಾನೂ ಹಾಗೆ ಓದುತ್ತಿರುವವಳೇ. ದೂರಶಿಕ್ಷಣದಲ್ಲಿ ಎಂ.ಎ. ಅರ್ಥಶಾಸ್ತ್ರ, ಎರಡನೇ ವರ್ಷ. ಅಡ್ಮಿಷನ್ ಆಗಿದ್ದು ಆನ್‌ಲೈನ್, ಫೀಸು ಕಟ್ಟಿದ್ದು ಆನ್‌ಲೈನ್, ಪಾಠ ಕೇಳುವುದೂ ಆನ್‌ಲೈನ್. ಪರೀಕ್ಷೆ ಮಾತ್ರ ಊರು ಬಿಟ್ಟು ಹೋಗಿ ಬರೆಯಬೇಕು. ಪದವಿ ಸಿಗುತ್ತದೆ ಅಂತ ಆ ಜಾಹೀರಾತು ಹೇಳುವುದು ನಿಜ. ಮನೆಯಲ್ಲೇ ಕೂತು ಅನ್ನೋದು ನಮ್ಮಂಥವರಿಗೆ ನಿಜ ಅಲ್ಲ. ಅದನ್ನು ಹೇಳೋಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಚಿಂತಾಮಣಿ ತಾಲ್ಲೂಕಿನಲ್ಲಿದೆ. ಊರಿನ ಮಹಿಳಾ ಹಾಲಿನ ಸಂಘದಲ್ಲಿ ನಾನು ಕಾರ್ಯದರ್ಶಿ. ಬೆಳಿಗ್ಗೆ 6 ಗಂಟೆಗೆ ಡೈರಿ ಬಾಗಿಲು ತೆಗೆಯಬೇಕು, ಸಂಜೆ 5ಕ್ಕೆ ಮತ್ತೆ ತೆಗೆಯಬೇಕು. ಒಬ್ಬೊಬ್ಬರ ಹಾಲನ್ನೂ ತೂಕ ಮಾಡಿ, ಸ್ಯಾಂಪಲ್ ತೆಗೆದು, ಮಿಷಿನ್‌ನಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು ನೋಡಿ, ಚೀಟಿ ಕೊಟ್ಟು, ಹಾಲನ್ನು ಕೂಲರ್‌ಗೆ ಬಿಟ್ಟು, ಕ್ಯಾನು ತೊಳೆಸಿ, ಲೆಕ್ಕ ಬರೆದು ಮುಗಿಸೋವಾಗ ಬೆಳಿಗ್ಗೆ ಎಂಟೂವರೆ ಆಗಿರುತ್ತದೆ. ವರ್ಷದ 365 ದಿನವೂ ಇದೇ. ಹಸುವಿಗೆ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ.

2011ರಲ್ಲಿ ಬಿ.ಎ. ಮುಗಿಯಿತು. ಅದೇ ವರ್ಷ ಮದುವೆಯಾಯಿತು. ಎಂ.ಎ. ಮಾಡಬೇಕು ಅನ್ನೋ ಆಸೆ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಇಬ್ಬರು ಮಕ್ಕಳಾಗಿ, ಚಿಕ್ಕವನು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಒಂದು ದಿನ ಧೈರ್ಯ ಮಾಡಿ ನಮ್ಮ ಯಜಮಾನರನ್ನು ಕೇಳಿದೆ. 'ಓದು, ಬೇಡ ಅಂದೋರ್ಯಾರು' ಅಂದರು. ಊರಲ್ಲಿ ಮಾತ್ರ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. 'ಈ ವಯಸ್ಸಲ್ಲಿ ಓದಿ ಏನಮ್ಮಾ ಮಾಡ್ತೀಯ?' ನಾನು ಎಲ್ಲರಿಗೂ ಹೇಳಿದ್ದು ಒಂದೇ ಉತ್ತರ. ಪಿಯು ಕಾಲೇಜಿನಲ್ಲಿ ಪಾಠ ಹೇಳಬೇಕು ಅಂತ ಆಸೆ ಇದೆ, ಬಿ.ಎಡ್. ಆಮೇಲೆ ನೋಡೋಣ, ಮೊದಲು ಎಂ.ಎ. ಆಗಲಿ.

ಜನ ಕೇಳುವ ಇನ್ನೊಂದು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಹೀಗೆ ಓದಿದ ಪದವಿಗೆ ಬೆಲೆ ಇದೆಯಾ? ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2020ರಲ್ಲಿ ಮಾಡಿದ ನಿಯಮಗಳಲ್ಲೇ ಅದು ಸ್ಪಷ್ಟವಾಗಿದೆ. ಮಾನ್ಯತೆ ಇರುವ ವಿಶ್ವವಿದ್ಯಾಲಯ, ಅನುಮತಿ ಇರುವ ಕೋರ್ಸು ಆಗಿದ್ದರೆ, ದೂರಶಿಕ್ಷಣದ ಪದವಿಯಾಗಲಿ ಆನ್‌ಲೈನ್ ಪದವಿಯಾಗಲಿ ಕಾಲೇಜಿಗೆ ಹೋಗಿ ಓದಿದ ಪದವಿಗೆ ಸಮ. 2022ರಲ್ಲಿ ಯುಜಿಸಿ ಇದನ್ನೇ ಮತ್ತೊಮ್ಮೆ ಸಾರಿ ಹೇಳಿದೆ. ಇದರ ಮೇಲೆ ಕಾಲೇಜು ಮೇಷ್ಟ್ರಾಗುವ ಅರ್ಹತೆಗೆ ನಡೆಯುವ ನೆಟ್ ಬರೆಯಬಹುದು, ಕೆ-ಸೆಟ್ ಬರೆಯಬಹುದು. ಕಾನೂನು, ನರ್ಸಿಂಗ್, ಫಾರ್ಮಸಿ, ಪಿಎಚ್.ಡಿ. ಇಂಥವನ್ನು ಈ ದಾರಿಯಲ್ಲಿ ಮಾಡೋಕೆ ಬರುವುದಿಲ್ಲ, ಅಷ್ಟೇ.

ಆದರೆ ಕಣ್ಣು ಮುಚ್ಚಿಕೊಂಡು ಸೇರಬೇಡಿ. ನಮ್ಮ ಚಿಕ್ಕಪ್ಪನ ಮಗನ ಕಥೆ ಹೇಳುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರ ಮಹಡಿ ಮೇಲೆ ಒಂದು ಸೆಂಟರ್ ಇತ್ತು. ಹೊರರಾಜ್ಯದ ವಿಶ್ವವಿದ್ಯಾಲಯದ್ದು, ಒಂದೇ ವರ್ಷದಲ್ಲಿ ಎಂ.ಕಾಂ. ಮಾಡಿಸಿ ಕೊಡ್ತೀವಿ, ಪರೀಕ್ಷೆ ಚಿಂತೆ ನಮಗಿರಲಿ ಅಂದರು. ಅವನು ಎರಡು ಕಂತಿನಲ್ಲಿ ದುಡ್ಡು ಕಟ್ಟಿದ. ಮೂರನೇ ಕಂತಿಗೆ ಹೋದಾಗ ಬಾಗಿಲಿಗೆ ಬೀಗ. ರಶೀದಿಯಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರಲಿಲ್ಲ, ಸೆಂಟರ್ ಸೀಲು ಮಾತ್ರ ಇತ್ತು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಅವನಿಗೆ ನೋವಾಗಿದ್ದು ಅಪ್ಪನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿ ಬಂದಿದ್ದಕ್ಕೆ. ಆಮೇಲೆ ಅವನು ಓದಿನ ಮಾತೇ ಎತ್ತಲಿಲ್ಲ.

ಅವನಿಗೆ ಯಾರಾದರೂ ಮೊದಲೇ ನಾಲ್ಕು ಮಾತು ಹೇಳಿದ್ದರೆ ಹೀಗಾಗುತ್ತಿರಲಿಲ್ಲ. ಮೂರು ವರ್ಷದ ಡಿಗ್ರಿ ಮಾಡಿದವರಿಗೆ ಎಂ.ಎ., ಎಂ.ಕಾಂ. ಎರಡು ವರ್ಷದ ಕೋರ್ಸು, ಅದನ್ನು ಒಂದೇ ವರ್ಷಕ್ಕೆ ಇಳಿಸೋಕೆ ಯಾರಿಗೂ ಅಧಿಕಾರ ಇಲ್ಲ. ಫ್ರಾಂಚೈಸಿ ಕೊಟ್ಟು ಸೆಂಟರ್ ನಡೆಸುವುದು ನಿಯಮಕ್ಕೆ ವಿರುದ್ಧ. ದೂರಶಿಕ್ಷಣದಲ್ಲಾದರೆ ಒಂದು ರಾಜ್ಯದ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿ ದಾಟಿ ಇನ್ನೊಂದು ರಾಜ್ಯದಲ್ಲಿ ಸೆಂಟರ್ ತೆಗೆಯುವ ಹಾಗಿಲ್ಲ. ಆನ್‌ಲೈನ್ ಕೋರ್ಸಿಗೆ ಆ ಗಡಿ ಇಲ್ಲ, ಅದಕ್ಕೆ ಸೆಂಟರೂ ಬೇಕಿಲ್ಲ. ಯಾವ ವಿಶ್ವವಿದ್ಯಾಲಯಕ್ಕೆ ಯಾವ ವರ್ಷ ಯಾವ ಕೋರ್ಸಿಗೆ ಅನುಮತಿ ಇದೆ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟ್‌ನಲ್ಲಿ ಪಟ್ಟಿಯೇ ಇದೆ, ಫೋನಲ್ಲೇ ನೋಡಬಹುದು. ಈಗಂತೂ 2024ರಿಂದ ಸೇರುವ ಮೊದಲು ವಿದ್ಯಾರ್ಥಿಯೇ ಓದಿನ ಕ್ರೆಡಿಟ್ ಲೆಕ್ಕ ಇಡುವ ಎಬಿಸಿ ಐಡಿ ಮಾಡಿಕೊಂಡು, ಅದರ ಮೇಲೆ ಯುಜಿಸಿಯ ಈ ದೂರಶಿಕ್ಷಣ ವಿಭಾಗದ ಡೆಬ್ ಐಡಿ ಮಾಡಿಕೊಳ್ಳಬೇಕು. ನಾನು ಇದನ್ನೆಲ್ಲ ಒಂದು ರಾತ್ರಿ ಕೂತು ನಾನೇ ಮಾಡಿಕೊಂಡೆ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದಿದ್ದರಿಂದ ಮೂರು ಸಲ ತಿರಸ್ಕಾರ ಆಯಿತು, ನಾಲ್ಕನೇ ಸಲ ಆಯಿತು. ಯಾರಿಗೂ ಒಂದು ರೂಪಾಯಿ ಕಮಿಷನ್ ಕೊಡಲಿಲ್ಲ.

ಈಗ ಮನೆಯ ವಿಷಯ.

ನಮ್ಮದು ಎರಡು ರೂಮಿನ ಮನೆ. ಅತ್ತೆ, ಮಾವ, ನಾವಿಬ್ಬರು, ಮಕ್ಕಳಿಬ್ಬರು. ಹಾಲ್‌ನಲ್ಲಿ ಟೀವಿ. ಅಡುಗೆಮನೆಯಲ್ಲಿ ಅಡುಗೆ. ಒಂದು ರೂಮಿನಲ್ಲಿ ಮಂಚ, ಬೀರು, ಅಕ್ಕಿ ರಾಗಿ ಮೂಟೆ. ಇನ್ನೊಂದರಲ್ಲಿ ಮಾವ ಮಲಗುತ್ತಾರೆ, ಅವರಿಗೆ ಉಬ್ಬಸ. ಇದರಲ್ಲಿ ನಾನು ಎಲ್ಲಿ ಕೂರಲಿ? ಮೇಜು ಇಲ್ಲ. ಮಕ್ಕಳೇ ನೆಲದ ಮೇಲೆ ಬಗ್ಗಿಕೊಂಡು ಹೋಂವರ್ಕ್ ಮಾಡುತ್ತವೆ. ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಓದಬೇಡ ಅಂದಿಲ್ಲ. ಆದರೆ ಮನೆಯಲ್ಲಿ ಸೊಸೆ ಸುಮ್ನೆ ಕೂತಿದ್ದಾಳೆ ಅಂದರೆ ಅವಳು ಖಾಲಿ ಇದ್ದಾಳೆ ಅಂತಲೇ ಅರ್ಥ. ಕೈಯಲ್ಲಿ ಪುಸ್ತಕ ಇದ್ದರೂ ಖಾಲಿಯೇ. 'ಹೇಗೂ ಕೂತಿದ್ದೀಯಲ್ಲ, ಆ ಹುಣಸೆಹಣ್ಣು ಬಿಡಿಸಿಬಿಡು' ಅಂತಾರೆ ಅತ್ತೆ. ಅವರದ್ದು ತಪ್ಪಲ್ಲ. ಹೊಲಕ್ಕೆ ಹೋದರೆ ಕೆಲಸ, ಡೈರಿಗೆ ಹೋದರೆ ಕೆಲಸ, ಹೊರಗೆ ಹೋದವರು ದುಡಿಯೋಕೆ ಹೋದರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮನೆಯೊಳಗೆ ಗೋಡೆಗೆ ಒರಗಿಕೊಂಡು ಓದುವುದೂ ದುಡಿಮೆ ಅಂತ ನೋಡಿ ಅಭ್ಯಾಸ ಇಲ್ಲ.

ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಆನ್‌ಲೈನ್ ಕ್ಲಾಸು. ನೆಂಟರು ಬರುವುದೂ ಭಾನುವಾರವೇ. ಕೋಳಿ ಸಾರು ಆಗುವುದೂ ಭಾನುವಾರವೇ. ಇಡೀ ಮನೆಗೆ ಎರಡು ಫೋನು. ಒಂದು ಯಜಮಾನರ ಜೊತೆ ಹೋಗುತ್ತದೆ. ಇನ್ನೊಂದರಲ್ಲಿ ನನ್ನ ಕ್ಲಾಸೂ ನಡೆಯಬೇಕು, ದೊಡ್ಡವನ ಸ್ಕೂಲ್ ಗ್ರೂಪ್ ಮೆಸೇಜೂ ಬರಬೇಕು, ಡೈರಿಯವರ ಕರೆಯೂ ಬರಬೇಕು. ನಾನು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಸಾಲೆ ರುಬ್ಬುತ್ತಾ ಪಾಠ ಕೇಳಿದ ಭಾನುವಾರಗಳು ಎಷ್ಟೋ. ಮೇಷ್ಟ್ರು ಬೋರ್ಡ್ ಮೇಲೆ ರೇಖೆ ಎಳೆದು 'ಇಲ್ಲಿ ನೋಡಿ' ಅನ್ನುತ್ತಾರೆ. ನಾನು ನೋಡೋದು ಹೇಗೆ, ಕೈಯೆಲ್ಲ ಕಾರ. ರೆಕಾರ್ಡಿಂಗ್ ಹಾಕ್ತಾರೆ, ಆಮೇಲೆ ನೋಡಿಕೊಳ್ಳಿ ಅಂತಾರೆ. ಆ 'ಆಮೇಲೆ' ಬರುವುದು ರಾತ್ರಿ ಹತ್ತಕ್ಕೆ, ಮರುದಿನ ಐದಕ್ಕೆ ಏಳಬೇಕಾದವಳಿಗೆ.

ಹಾಗಂತ ಓದಿನಲ್ಲಿ ಸುಖ ಇಲ್ಲ ಅಂತಲ್ಲ. ಎಷ್ಟು ಸುಖ ಇದೆ ಅಂತ ಹೇಳದೆ ಹೋದರೆ ಈ ಪತ್ರ ಅರ್ಧ ಆಗುತ್ತದೆ.

ಮೊದಲ ವರ್ಷದ ಪಾಠದಲ್ಲಿ ಜೇಡರ ಬಲೆ ಸಿದ್ಧಾಂತ ಅಂತ ಒಂದಿದೆ. ರೈತ ಈ ಸಲದ ಬೆಲೆ ನೋಡಿ ಮುಂದಿನ ಸಲದ ಬೆಳೆ ಇಡುತ್ತಾನೆ. ಬೆಲೆ ಜಾಸ್ತಿ ಇತ್ತು ಅಂತ ಎಲ್ಲರೂ ಅದನ್ನೇ ಇಟ್ಟರೆ, ಬೆಳೆ ಕೈಗೆ ಬರುವಾಗ ಮಾರ್ಕೆಟ್ಟಿಗೆ ಮಾಲು ಜಾಸ್ತಿಯಾಗಿ ಬೆಲೆ ಬಿದ್ದಿರುತ್ತದೆ. ಆಗ ಯಾರೂ ಇಡಲ್ಲ, ಅದಕ್ಕೆ ಮುಂದಿನ ಸಲ ಬೆಲೆ ಮತ್ತೆ ಏರುತ್ತದೆ. ಇದನ್ನು ರೇಖೆ ಹಾಕಿ ತೋರಿಸಿದರೆ ಜೇಡರ ಬಲೆಯ ಹಾಗೆ ಸುತ್ತಿ ಸುತ್ತಿ ಬರುತ್ತದೆ. ಪುಸ್ತಕದಲ್ಲಿ ಯಾವುದೋ ದೇಶದ ಉದಾಹರಣೆ ಇತ್ತು. ನಾನು ಅದನ್ನು ಓದುತ್ತಾ ಎದ್ದು ನಿಂತೆ. ಇದು ನಮ್ಮ ಟೊಮೆಟೊ ಅಲ್ವಾ! 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ತೋಟದಲ್ಲಿ ರಾತ್ರಿ ಕಾವಲು ಕೂತರು ನಮ್ಮೂರಲ್ಲಿ. ಅದನ್ನು ನೋಡಿ ಮಾವನೂ ಒಂದೂವರೆ ಎಕರೆ ನಾಟಿ ಹಾಕಿಸಿದರು. ಅದು ಬರುವಷ್ಟರಲ್ಲಿ ಬೆಲೆ ನೆಲ ಕಚ್ಚಿತ್ತು, ಕೀಳುವ ಕೂಲಿಯೂ ಗಿಟ್ಟಲ್ಲ ಅಂತ ಗಿಡದಲ್ಲೇ ಬಿಟ್ಟೆವು. ಆ ಸಲ ಮನೆಯಲ್ಲಿ ಎಲ್ಲರೂ ಹಣೆಬರಹ ಅಂದುಕೊಂಡು ಸುಮ್ಮನಾಗಿದ್ದೆವು. ಈಗ ಅದಕ್ಕೊಂದು ಹೆಸರಿದೆ, ರೇಖೆ ಇದೆ, ಕಾರಣ ಇದೆ. ಅಸೈನ್‌ಮೆಂಟ್‌ನಲ್ಲಿ ನಾನು ಇದನ್ನೇ ಬರೆದೆ. ಮಾವನನ್ನು ಕೂರಿಸಿಕೊಂಡು ಯಾವ ತಿಂಗಳು ನಾಟಿ, ಎಷ್ಟು ಖರ್ಚು, ಎಷ್ಟು ಬಾಕ್ಸ್, ಯಾವ ದಿನ ಯಾವ ಬೆಲೆ ಅಂತ ಕೇಳಿ ಕೇಳಿ ಬರೆದುಕೊಂಡೆ. ಮಾವ ಮೊದಲ ಸಲ ನನ್ನ ಪುಸ್ತಕ ಕೈಗೆತ್ತಿಕೊಂಡು ಆ ಚಿತ್ರ ನೋಡಿದರು. 'ಇದು ನಮಗೆ ಮೊದಲೇ ಯಾಕೆ ಯಾರೂ ಹೇಳಲಿಲ್ಲ' ಅಂತ ತೆಲುಗಿನಲ್ಲಿ ಕೇಳಿದರು. ನಮ್ಮ ಮನೆಮಾತು ತೆಲುಗು. ನಾನು ಓದಿದ್ದು ಕನ್ನಡದಲ್ಲಿ. ಆ ಅಸೈನ್‌ಮೆಂಟ್ ಹದಿನಾಲ್ಕು ಪುಟ ಆಯಿತು.

ಕೈಬರಹದಲ್ಲಿ ಬರೆದು, ಪುಟ ಪುಟ ಫೋನಲ್ಲಿ ಸ್ಕ್ಯಾನ್ ಮಾಡಿ ಹಾಕಿದೆ. ಎರಡು ತಿಂಗಳಾದ ಮೇಲೆ ಅಂಕ ಬಂತು. ಒಳ್ಳೆಯ ಅಂಕವೇ. ಆದರೆ ಅಂಕ ಮಾತ್ರ. ಒಂದು ಅಕ್ಷರ ಇಲ್ಲ. ಚೆನ್ನಾಗಿದೆ ಅಂತಲೂ ಇಲ್ಲ, ಇಲ್ಲಿ ತಪ್ಪಿದ್ದೀಯಮ್ಮಾ ಅಂತಲೂ ಇಲ್ಲ. ನನಗೆ ಒಂದು ಅನುಮಾನ ಇತ್ತು. ಕೋಲ್ಡ್ ಸ್ಟೋರೇಜ್ ಇದ್ದರೆ ಈ ಬಲೆ ಹರಿಯುತ್ತದಾ, ಇಲ್ಲಾ ಇನ್ನೂ ದೊಡ್ಡದಾಗುತ್ತದಾ ಅಂತ. ಯಾರನ್ನು ಕೇಳಲಿ? ಆನ್‌ಲೈನ್ ಕ್ಲಾಸಿನಲ್ಲಿ ನೂರಾರು ಜನ ಇರುತ್ತಾರೆ, ಎಲ್ಲರ ಮೈಕೂ ಆಫ್. ಚಾಟ್‌ನಲ್ಲಿ ಬರೆದೆ. ಮೇಲೆ ಐವತ್ತು 'ಗುಡ್ ಮಾರ್ನಿಂಗ್ ಸರ್' ಬಂದು ನನ್ನ ಪ್ರಶ್ನೆ ಮುಳುಗಿ ಹೋಯಿತು. ಮೇಷ್ಟ್ರನ್ನು ದೂರುತ್ತಿಲ್ಲ. ಒಬ್ಬ ಮನುಷ್ಯ ಅಷ್ಟು ಜನಕ್ಕೆ ಏನು ಮಾಡೋಕಾಗುತ್ತದೆ. ಆದರೆ ನಿಯಮದ ಪ್ರಕಾರ ನೂರಕ್ಕೆ 30 ಅಂಕ ಈ ಒಳಗಿನ ಮೌಲ್ಯಮಾಪನಕ್ಕೆ ಇಡಬಹುದು. ಅಷ್ಟು ಅಂಕದ ಕೆಲಸಕ್ಕೆ ಎರಡು ಸಾಲು ಬರೆದು ವಾಪಸ್ ಕೊಡಿ ಅಂತ ಕೇಳುವುದು ಜಾಸ್ತಿ ಆಗಲ್ಲ ಅಂದುಕೊಂಡಿದ್ದೇನೆ.

ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರು ಒಬ್ಬರು ಮೈಸೂರಿನಿಂದ ಕರೆಸ್ಪಾಂಡೆನ್ಸ್‌ನಲ್ಲಿ ಎಂ.ಎ. ಮಾಡಿದವರು. ಅಂಚೆ ತೆರಪಿನ ಶಿಕ್ಷಣ ಅಂತ ಕರೆಯುತ್ತಿದ್ದರು ಆಗ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅದನ್ನು ಶುರು ಮಾಡಿತ್ತು, 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ದೆಹಲಿಯ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಬಂದಿದ್ದು 1985ರಲ್ಲಿ. ನಮ್ಮ ಮೇಷ್ಟ್ರಿಗೆ ಪುಸ್ತಕದ ಕಟ್ಟು ಪೋಸ್ಟಿನಲ್ಲಿ ಬರುತ್ತಿತ್ತಂತೆ, ದಾರ ಬಿಚ್ಚುವಾಗ ಹೊಸ ಕಾಗದದ ವಾಸನೆ. ಬೇಸಿಗೆ ರಜೆಯಲ್ಲಿ ಸಂಪರ್ಕ ತರಗತಿಗೆ ಮೈಸೂರಿಗೆ ಹೋಗಿ ಛತ್ರದಲ್ಲಿ ಉಳಿಯುತ್ತಿದ್ದರಂತೆ. ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂತವರು ಇವತ್ತಿಗೂ ಅವರ ಸ್ನೇಹಿತರು. ಆಗ ಪಾಠ ಬರುವುದು ನಿಧಾನ ಆಗಿತ್ತು, ಆದರೆ ವರ್ಷಕ್ಕೆ ಕೆಲವು ದಿನವಾದರೂ ಬೆಂಚು ಇತ್ತು, ಬೋರ್ಡು ಇತ್ತು, ಎದ್ದು ನಿಂತು ಕೇಳಬಹುದಾದ ಮೇಷ್ಟ್ರು ಎದುರಿಗಿದ್ದರು. ಈಗ ಪಾಠ ಒಂದು ಕ್ಷಣದಲ್ಲಿ ಬರುತ್ತದೆ. ನನ್ನ ಜೊತೆ ಓದುತ್ತಿರುವ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಪುಸ್ತಕವೂ ಪಿಡಿಎಫ್. ಫೋನಲ್ಲಿ ಓದಿ ತಲೆನೋವು ಬಂದು, ಕೊನೆಗೆ ಚಿಂತಾಮಣಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡೆ. ನಾಲ್ಕು ದಪ್ಪ ಪುಸ್ತಕ ಆಯಿತು. ಅದಕ್ಕೆ ರವೆ ಡಬ್ಬಿಯಲ್ಲಿಟ್ಟಿದ್ದ ದುಡ್ಡು ಪೂರ್ತಿ ಹೋಯಿತು.

ಪೂರ್ತಿ ಆನ್‌ಲೈನ್ ಕೋರ್ಸ್ ಮಾಡುವವರ ಪರೀಕ್ಷೆ ಹೇಗಿರುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹೇಳಲೇಬೇಕು. ನಮ್ಮ ಸಂಘದ ಅಧ್ಯಕ್ಷೆಯವರ ಸೊಸೆ ಆನ್‌ಲೈನ್‌ನಲ್ಲಿ ಎಂ.ಕಾಂ. ಮಾಡುತ್ತಿದ್ದಾಳೆ. ಚುರುಕು ಹುಡುಗಿ. ಪರೀಕ್ಷೆಯೂ ಲ್ಯಾಪ್‌ಟಾಪಿನಲ್ಲೇ, ಕ್ಯಾಮೆರಾ ಮುಂದೆ ಕೂತು ಬರೆಯಬೇಕು. ಹಿಂದಿನ ದಿನ ನನ್ನ ಹತ್ತಿರ ಬಂದು 'ಅಕ್ಕಾ, ಡೈರಿ ಆಫೀಸು ಮಧ್ಯಾಹ್ನ ಖಾಲಿ ಇರುತ್ತಲ್ವಾ, ಕೊಡ್ತೀರಾ' ಅಂದಳು. ಕಾರಣ ಇಷ್ಟೇ. ಮನೆಯಲ್ಲಿ ಯಾವಾಗ ಕರೆಂಟ್ ಹೋಗುತ್ತೋ ಗೊತ್ತಿಲ್ಲ, ಡೈರಿಯಲ್ಲಿ ಹಾಲಿನ ಕೂಲರ್‌ಗೆ ಜನರೇಟರ್ ಇದೆ.

ಅವತ್ತು ಆಫೀಸ್ ರೂಮು ಗುಡಿಸಿ, ಕಬ್ಬಿಣದ ಮೇಜು ಒರೆಸಿ ಕೊಟ್ಟೆ. ಪರೀಕ್ಷೆ ಶುರುವಾಗುವ ಮೊದಲು ಲ್ಯಾಪ್‌ಟಾಪನ್ನು ಎತ್ತಿ ಹಿಡಿದು ಇಡೀ ರೂಮನ್ನು ಕ್ಯಾಮೆರಾಗೆ ತೋರಿಸಬೇಕಂತೆ. ಗೋಡೆ ಮೇಲೆ ಹಾಲಿನ ದರಪಟ್ಟಿ ಇತ್ತು, ಫ್ಯಾಟ್ ಇಷ್ಟಿದ್ದರೆ ಲೀಟರಿಗೆ ಇಷ್ಟು ಅಂತ. ಗೋಡೆ ಮೇಲೆ ಬರಹ ಇರಬಾರದು ಅಂತ ಅವಳು ಗಾಬರಿಯಾದಳು. ಮೊಳೆ ಹೊಡೆದ ಬೋರ್ಡು, ಕೀಳೋಕಾಗಲ್ಲ. ನನ್ನ ಶಾಲನ್ನೇ ಅದರ ಮೇಲೆ ಹೊದಿಸಿ ಎರಡು ಕಡೆ ಪಿನ್ ಹಾಕಿದೆ. ಬಾಗಿಲು ಹಾಕಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕಾವಲು ಕೂತೆ. ಅರ್ಧ ಗಂಟೆ ಆಗಿರಬೇಕು, ಕರೆಂಟ್ ಹೋಯಿತು. ಓಡಿಹೋಗಿ ಜನರೇಟರ್ ಹಾಕಿದೆ. ಅದರ ಸದ್ದಿಗೆ ಅವಳ ಪರದೆ ಮೇಲೆ ಎಚ್ಚರಿಕೆ ಬಂತಂತೆ, ಬೇರೆ ಶಬ್ದ ಕೇಳಿಸುತ್ತಿದೆ ಅಂತ. ಅಷ್ಟರಲ್ಲಿ ಒಬ್ಬ ಅಜ್ಜಿ ಫೀಡ್ ಮೂಟೆ ಬಂತಾ ಅಂತ ಕೇಳಿಕೊಂಡು ಬಂದು ಬಾಗಿಲು ತಟ್ಟೋಕೆ ಕೈ ಎತ್ತಿದರು. ನಾನು ಅವರ ಕೈ ಹಿಡಿದುಕೊಂಡು, ತುಟಿ ಮೇಲೆ ಬೆರಳಿಟ್ಟು, ಮೆಲ್ಲಗೆ ಕೆಳಗೆ ಕರೆದುಕೊಂಡು ಹೋದೆ. ಅಜ್ಜಿಗೆ ಭಯ ಆಯಿತು. 'ಒಳಗೆ ಯಾರಿಗೇನಾಯಿತೇ' ಅಂತ ಕಣ್ಣು ಅಗಲ ಮಾಡಿದರು. ಪರೀಕ್ಷೆ ಬರೀತಿದ್ದಾಳೆ ಅಜ್ಜಿ ಅಂದೆ. ಅಜ್ಜಿ ಮಾತಾಡದೆ ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ಬಂದವರನ್ನೆಲ್ಲ ಅವರೇ ಕೈ ಸನ್ನೆ ಮಾಡಿ ತಡೆದರು. ಪರೀಕ್ಷೆ ಮುಗಿಸಿ ಬಾಗಿಲು ತೆಗೆದಾಗ ಆ ಹುಡುಗಿಯ ರವಿಕೆ ಬೆನ್ನೆಲ್ಲ ಒದ್ದೆ. ಪ್ರಶ್ನೆ ಕಷ್ಟ ಇತ್ತಾ ಅಂದೆ. 'ಪ್ರಶ್ನೆ ಸುಲಭ ಇತ್ತಕ್ಕಾ' ಅಂದಳು.

ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ಅವಳ ಪರೀಕ್ಷೆಗೆ ಬೇಕಿದ್ದಿದ್ದು ಒಂದು ರೂಮು, ಒಂದು ಮೇಜು, ಎರಡು ಗಂಟೆ ಕರೆಂಟು, ಬಾಗಿಲಲ್ಲಿ ಒಬ್ಬರು. ಅಷ್ಟೇ.

ಅಷ್ಟು ನಮ್ಮ ಊರಲ್ಲೇ ಇದೆ ಸ್ವಾಮಿ! ಗ್ರಾಮ ಪಂಚಾಯಿತಿಯ ಲೈಬ್ರರಿ. ಈಗ ಅರಿವು ಕೇಂದ್ರ ಅಂತ ಹೆಸರು. 2019ರಲ್ಲಿ ಈ ಲೈಬ್ರರಿಗಳೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮಾರನೇ ವರ್ಷ ಮಕ್ಕಳಿಗಾಗಿ 'ಓದುವ ಬೆಳಕು' ಅಂತ ಕಾರ್ಯಕ್ರಮ ಮಾಡಿದರು, ಆಮೇಲೆ ಎಷ್ಟೋ ಕಡೆ ಬಣ್ಣ ಹೊಡೆಸಿ ಕಂಪ್ಯೂಟರ್ ಕೊಟ್ಟರು. ರಾಜ್ಯದಲ್ಲಿ ಇಂಥವು ಸಾವಿರಾರು ಇವೆ. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋಗುವಂಥ ಕೆಲಸ ಇದು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ. ನಮ್ಮ ಪಂಚಾಯಿತಿಯದರಲ್ಲಿ ಎರಡು ಕಂಪ್ಯೂಟರ್ ಇವೆ, ನೆಟ್ ಇದೆ, ಬ್ಯಾಟರಿ ಇದೆ, ಉದ್ದನೆಯ ಮೇಜು, ಸುತ್ತ ಎಂಟು ಕುರ್ಚಿ. ಡೈರಿಯಿಂದ ನೂರು ಹೆಜ್ಜೆ. ಆದರೆ ನಾನು ಸಂಜೆ ಹಾಲು ಮುಗಿಸಿ ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಭಾನುವಾರ ಬೆಳಿಗ್ಗೆ ಕ್ಲಾಸಿನ ಹೊತ್ತಿಗೆ ಕೆಲವು ಸಲ ತೆಗೆದಿರುತ್ತದೆ, ಕೆಲವು ಸಲ ಇಲ್ಲ. ಮೇಲ್ವಿಚಾರಕರನ್ನು ನಾನು ದೂರಲ್ಲ. ಅವರಿಗೆ ಬರುವ ಸಂಬಳ ಎಷ್ಟು ಅಂತ ನನಗೆ ಗೊತ್ತು, ಅವರೂ ಮನೆ ಮಠ ನೋಡಿಕೊಳ್ಳಬೇಕು.

ನಾನು ಕೇಳುವುದು ಇಷ್ಟು. ಸಂಜೆ 7ರಿಂದ 9ರವರೆಗೆ, ಮತ್ತೆ ಭಾನುವಾರ ಬೆಳಿಗ್ಗೆ, ದೂರಶಿಕ್ಷಣದಲ್ಲಿ ಓದುವವರಿಗೆ ಅಂತ ಅರಿವು ಕೇಂದ್ರ ತೆಗೆದಿಡಿ. ಮೇಲ್ವಿಚಾರಕರಿಗೆ ಆ ಹೊತ್ತಿಗೆ ಬೇರೆ ಗೌರವಧನ ಕೊಡಿ, ಇಲ್ಲವೇ ಓದುವವರಲ್ಲೇ ಒಬ್ಬರಿಗೆ ಕೀ ಕೊಟ್ಟು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳಿ. ಆನ್‌ಲೈನ್ ಪರೀಕ್ಷೆ ಇರುವವರಿಗೆ ಆ ಎರಡು ಮೂರು ಗಂಟೆ ರೂಮನ್ನು ಬಿಟ್ಟುಕೊಡಿ. ನಮ್ಮ ಒಂದು ಪಂಚಾಯಿತಿಯಲ್ಲೇ ಹೀಗೆ ಓದುತ್ತಿರುವವರು ಏಳು ಜನ ಇದ್ದೇವೆ. ನಾನು ಮನೆ ಮನೆಗೆ ಹೋಗಿ ಕೇಳಿ ಲೆಕ್ಕ ಹಾಕಿದ್ದು. ಐದು ಜನ ಹೆಂಗಸರು. ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬರು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಕೆಲಸಕ್ಕೆ ಹೋಗಿ ಬರುವವರು, ಇಬ್ಬರು ಹೊಸದಾಗಿ ಮದುವೆಯಾಗಿ ಬಂದವರು, ನಾನೊಬ್ಬಳು. ಗಂಡಸರಿಬ್ಬರು ಬೆಂಗಳೂರಿನ ಕಡೆ ಕಂಪನಿಗೆ ಶಿಫ್ಟ್‌ನಲ್ಲಿ ಹೋಗುವವರು. ಹೆಚ್ಚಿನವರಿಗೆ ಒಬ್ಬರಿಗೊಬ್ಬರು ಪರಿಚಯವೇ ಇರಲಿಲ್ಲ, ಎಲ್ಲರೂ ಅವರವರ ಮನೆ ಮೂಲೆಯಲ್ಲಿ ಒಬ್ಬೊಬ್ಬರೇ ಓದುತ್ತಿದ್ದೆವು. ಏಳು ಜನ ಒಂದು ಮೇಜಿನ ಸುತ್ತ ಕೂತರೆ ನನ್ನ ಕೋಲ್ಡ್ ಸ್ಟೋರೇಜ್ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಬಹುದು. ಹೇಳದಿದ್ದರೂ ಕೇಳಿಸಿಕೊಳ್ಳುತ್ತಾರೆ.

ವಿಶ್ವವಿದ್ಯಾಲಯಗಳಿಗೆ ಒಂದು ಮಾತು. ತಿಂಗಳಿಗೆ ಒಂದು ಭಾನುವಾರ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ಎದುರಾಬದುರು ಕ್ಲಾಸು ಇಡಿ. ಕಟ್ಟಡ ಅವತ್ತು ಹೇಗೂ ಖಾಲಿ. ಪರೀಕ್ಷೆಯನ್ನೂ ಅಲ್ಲೇ ಬರೆಸಿ. ಈಗ ನಾನು ಪರೀಕ್ಷೆಗೆ ಚಿಕ್ಕಬಳ್ಳಾಪುರಕ್ಕೆ ಹೋಗಬೇಕು. ಅವತ್ತು ಬೆಳಿಗ್ಗೆ ಡೈರಿಯನ್ನು ಟೆಸ್ಟರ್ ಹುಡುಗನಿಗೆ ಒಪ್ಪಿಸಿ, ಆರೂವರೆ ಬಸ್ಸಿಗೆ ಚಿಂತಾಮಣಿಗೆ ಬಂದು, ಅಲ್ಲಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರ. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅದೊಂದು ಚಿಂತೆ ತಪ್ಪಿದೆ, ಅದಕ್ಕೆ ಮನಸಾರೆ ಕೃತಜ್ಞತೆ ಹೇಳುತ್ತೇನೆ. ಆದರೆ ಐದು ಪೇಪರ್ ಅಂದರೆ ಐದು ದಿನ. ಐದು ದಿನವೂ ಸಂಜೆ ಐದರೊಳಗೆ ವಾಪಸ್ ಬಂದು ತೂಕದ ಮಿಷಿನ್ ಮುಂದೆ ನಿಲ್ಲಬೇಕು. ಕಳೆದ ಸಲ ಒಂದು ಪೇಪರ್‌ನಲ್ಲಿ ಕೊನೆಯ ಪ್ರಶ್ನೆ ಬರೆಯದೆ ಎದ್ದು ಬಂದೆ. ಉತ್ತರ ಗೊತ್ತಿತ್ತು. ಬಸ್ ತಪ್ಪಿಹೋಗುತ್ತಿತ್ತು.

ನಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರ ಬಗ್ಗೆ ಎಲ್ಲರಿಗೂ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಓದುವುದಕ್ಕೆ ಬೆಂಗಳೂರಿಗೆ ನಡೆದುಕೊಂಡೇ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಕಾಲೇಜು ತಂದರು. ನಮ್ಮ ಸ್ಕೂಲಲ್ಲಿ ಈ ಕಥೆಯನ್ನು ಹಟ ಇರಬೇಕು ಅಂತ ಹೇಳೋಕೆ ಹೇಳುತ್ತಿದ್ದರು. ನನಗೆ ಈಗ ಅದರಲ್ಲಿ ಬೇರೆ ಒಂದು ವಿಷಯ ಕಾಣಿಸುತ್ತದೆ. ಅವರು ಅಷ್ಟು ದೂರ ನಡೆದಿದ್ದು ಒಂದು ಶಾಲೆಗೆ, ಮೇಷ್ಟ್ರಿಗೆ, ಓದುವ ಹುಡುಗರಿರುವ ಜಾಗಕ್ಕೆ. ಆಮೇಲೆ ಜೀವನದ ಬಹುಪಾಲು ಅವರು ಇದ್ದಿದ್ದೂ ಕಾಲೇಜಿನ ಹಾಸ್ಟೆಲಿನಲ್ಲೇ. ಹಳ್ಳಿ ಹುಡುಗರಿಗೆ ಓದೋಕೆ ಮೊದಲು ಜಾಗ ಬೇಕು ಅಂತ ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು?

ಹೋದ ಸೋಮವಾರ ನಾವು ಏಳೂ ಜನ ಸಹಿ ಹಾಕಿ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಪಿಡಿಒ ಅವರು ಮುಂದಿನ ಸಾಮಾನ್ಯ ಸಭೆಯಲ್ಲಿ ಇಡುತ್ತೇನೆ ಅಂದಿದ್ದಾರೆ. ನಮ್ಮ ಅತ್ತೆಯೂ ಆ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಾರೆ. ಅವರು ಓದುವವರಲ್ಲ, ಆದರೂ ನಂದೂ ಇರಲಿ ಅಂದರು. ನಿಮ್ಮ ಪತ್ರಿಕೆಯನ್ನು ನಮ್ಮ ಪಂಚಾಯಿತಿ ಸದಸ್ಯರು ದಿನಾ ಓದುತ್ತಾರೆ, ಸಭೆಯ ಮೊದಲು ಈ ಪತ್ರ ಅಚ್ಚಾದರೆ ಉಪಕಾರ ಆಗುತ್ತದೆ. ಕೀ ನನ್ನ ಕೈಗೆ ಕೊಟ್ಟರೆ ದಿನಾ ನಾನೇ ಬಾಗಿಲು ತೆಗೆದು, ಕಸ ಗುಡಿಸಿ, ಒಂಬತ್ತಕ್ಕೆ ಲೈಟ್ ಆರಿಸಿ ಬೀಗ ಹಾಕುತ್ತೇನೆ. ಡೈರಿ ಬಾಗಿಲು ಹದಿಮೂರು ವರ್ಷದಿಂದ ಒಂದು ದಿನವೂ ತಡವಾಗಿ ತೆಗೆದಿಲ್ಲ.

ಇಂತಿ,
ಮಹಿಳಾ ಹಾಲಿನ ಸಂಘದ ಒಬ್ಬ ಕಾರ್ಯದರ್ಶಿ,
ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ